ಅರ್ಜೆಂಟೀನಾದ ಕೋಚೂ ನನ್ನ ಒಳಗಿನ ಡ್ಯೂಟಿಯೂ

ಮಾರಾಯ್ರೆ, ಒಂದು ನಿಮಿಷ ಕೂತ್ಕೊಳ್ಳಿ, ಚಾ ಮತ್ತೆ ಕುಡಿಯುವ. ನಿನ್ನೆ ಸಂಜೆ ನನಗೆ ಆದದ್ದು ಉಂಟಲ್ಲಾ, ಹೇಳಿದ್ರೆ ನೀವು ನಂಬುದಿಲ್ಲ. ನನಗೇ ಇನ್ನೂ ನಂಬ್ಲಿಕ್ಕೆ ಆಗ್ತಾ ಇಲ್ಲ! ಇಡೀ ಬಹ್ರೇನಿನಲ್ಲಿ ಇಂಥ ಪ್ರಮೋಷನ್ ಯಾರಿಗೂ ಸಿಕ್ಕಿರ್ಲಿಕ್ಕಿಲ್ಲ. ಆದ್ರೆ ಸೀದಾ ಅದನ್ನೇ ಹೇಳಿದ್ರೆ ನಿಮಗೆ ತಲೆಬುಡ ಗೊತ್ತಾಗುದಿಲ್ಲ, ಶುರುವಿಂದ ಹೇಳ್ಬೇಕು. ನಮ್ಮ ಕೋಚ್ ಬಂದಂದಿನಿಂದ ಇಂಥದ್ದು ಒಂದಲ್ಲ ಒಂದು ಆಗ್ತಾನೇ ಉಂಟು. ನಾವು ಹುಡುಕಿಕೊಂಡು ಹೋಗ್ಬೇಕಂತ ಇಲ್ಲ, ಅದೇ ಮನೆ ಕೇಳಿಕೊಂಡು ಬರ್ತದೆ.

ನಾನು ಮೊದಲು ಇಲ್ಲಿ ಮೀನಾ ಸಲ್ಮಾನ್ ಬಂದರಿನ ಹತ್ರ ನಮ್ಮ ಮಾಮನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಇದ್ದದ್ದು. ಒಂದು ದಿವಸ ಒಬ್ಬರು ಬಹ್ರೇನಿ ಯಜಮಾನರು ಕಾರಿನ ಬ್ರೇಕ್ ಪ್ಯಾಡಿಗೆ ಬಂದ್ರು. ನಾನು ಅವರ ಹತ್ರ ಅರಬಿ, ಪಕ್ಕದವನ ಹತ್ರ ಹಿಂದಿ, ಮಾಮನ ಹತ್ರ ಬ್ಯಾರಿ, ಫೋನಿನಲ್ಲಿ ಮಲಯಾಳ, ಎಲ್ಲ ಒಟ್ಟಿಗೆ ಹೊಡಿತಾ ಇದ್ದೆ. ಅವರು ನೋಡಿದ್ರು, ನೋಡಿದ್ರು, ಮತ್ತೆ ಕೇಳಿದ್ರು, "ಫುಟ್‌ಬಾಲ್ ಇಷ್ಟವಾ?"

ಅಲ್ಲ, ಉಳ್ಳಾಲದವನ ಹತ್ರ ಹೀಗೆ ಕೇಳುದಾ? ಮೀನಿಗೆ ನೀರು ಇಷ್ಟವಾ ಅಂತ ಕೇಳಿದ ಹಾಗೆ!

ಅವರು ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು. ಅರ್ಜೆಂಟೀನಾದಿಂದ ಹೊಸ ಕೋಚ್ ಬರ್ತಾರೆ, ಕರ್ಕೊಂಡು ಹೋಗ್ಲಿಕ್ಕೆ, ಮಾತು ತಿಳಿಸ್ಲಿಕ್ಕೆ ಜನ ಬೇಕು ಅಂದ್ರು. ನಾನು "ಸ್ಪ್ಯಾನಿಷ್ ಬರುದಿಲ್ಲ" ಅಂತ ಸತ್ಯವೇ ಹೇಳಿದೆ. ಅವರು, "ಇಷ್ಟು ಭಾಷೆ ಬರ್ತದಲ್ಲ, ಅದು ತಾನಾಗಿ ಬರ್ತದೆ" ಅಂದ್ರು. ನಾನೂ ಹಾಗೇ ಇರ್ಬಹುದು ಅಂತ ನಂಬಿದೆ.

ಈಗ ಅರ್ಜೆಂಟೀನಾ ಅಂದ ಕೂಡ್ಲೆ ನೀವು ದೊಡ್ಡ ದೊಡ್ಡ ಹೆಸರೆಲ್ಲ ನೆನೆಸ್ಬೇಡಿ. ನಮ್ಮ ಕೋಚ್ ಅವರ ದೇಶದ ಎರಡನೇ ಡಿವಿಷನಿನಲ್ಲಿ ಡಿಫೆಂಡರ್ ಆಗಿದ್ದವರು. ಮತ್ತೆ ಬೊಲಿವಿಯಾ, ಮತ್ತೆ ಗ್ರೀಸು, ಮತ್ತೆ ಮಲೇಷ್ಯಾ. ಮೊಣಗಂಟು ಹೋದ ಮೇಲೆ ಕೋಚು. ಕೋಚ್ ಆದ ಮೇಲೂ ಅಷ್ಟೇ, ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಅವರಿಗೆ ಒಂದು ಸಣ್ಣ ಮಗಳು. ಪಾಪ, ಪ್ರತಿ ವರ್ಷ ಹೊಸ ದೇಶ, ಹೊಸ ಶಾಲೆ. ಇಲ್ಲಿ ಜುಫೈರಿನಲ್ಲಿ ಅವರ ಬಿಲ್ಡಿಂಗಿನಲ್ಲೇ ನಮ್ಮ ಊರಿನ ಒಬ್ಬರು ನರ್ಸಮ್ಮನ ಮಗಳು ಆ ಮಗುವಿಗೆ ಜೀವದ ಗೆಳತಿ ಆದಳು. ಅದು ಅಪ್ಪನ ಹತ್ರ ಹೇಳಿ ಆಗಿದೆ, "ಪಪ್ಪಾ, ಈ ಸಲ ನಾನು ಸೂಟ್‌ಕೇಸ್ ತುಂಬಿಸುದಿಲ್ಲ."

ಆದ್ರೆ ನಮ್ಮ ಟೀಮು? ಪಟ್ಟಿಯ ತಳದಲ್ಲಿ ಬಿದ್ದುಕೊಂಡಿತ್ತು. ಅಧ್ಯಕ್ಷರು ಕೋಚಿಗೆ ಮೊದಲ ದಿವಸವೇ ಹೇಳಿಬಿಟ್ರು, "ಟೀಮ್ ಈ ಡಿವಿಷನಿನಲ್ಲಿ ಉಳಿದ್ರೆ ನೀವು ಉಳಿತೀರಿ. ಕೆಳಗೆ ಬಿದ್ರೆ ನಿಮ್ಮ ಟಿಕೆಟು ನಾನೇ ಮಾಡಿಸ್ತೇನೆ." ಮತ್ತೆ ನನ್ನ ಕಡೆ ತಿರುಗಿ, "ನೀನು ಬ್ರೇಕ್ ಪ್ಯಾಡಿಗೆ." ಅಷ್ಟೇ. ಈಗ ಕೇಳಿ.

ಥ್ಯಾಂಕ್ಯೂ ಹೇಳಿದ್ದೇ ತಪ್ಪು

ಮೊದಲ ಪ್ರಾಕ್ಟೀಸಿಗೆ ಬರುವಾಗ ಕೋಚಿನ ಕೈಯಲ್ಲಿ ಒಂದು ಸಣ್ಣ ಸೋರೆಬುರುಡೆ, ಅದಕ್ಕೊಂದು ಸ್ಟೀಲಿನ ಸ್ಟ್ರಾ, ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು. 'ಮಾಟೆ' ಅಂತೆ, ಅವರ ಊರಿನ ಚಾ. ಒಂದೇ ಬುರುಡೆ, ಒಂದೇ ಸ್ಟ್ರಾ, ಎಲ್ಲರಿಗೂ ಸುತ್ತ. ನನಗೂ ಕೊಟ್ರು. ಮಾರಾಯ್ರೆ, ಇದರ ಎದುರು ನಮ್ಮ ಕಿರಾತಕಡ್ಡಿ ಕಷಾಯ ಪಾಯಸ! ಆದ್ರೂ ಮರ್ಯಾದೆ ಬೇಕಲ್ಲ, ಪೂರಾ ಎಳೆದು, ಬುರುಡೆ ವಾಪಸ್ ಕೊಟ್ಟು, ನಗಾಡಿಕೊಂಡು "ಥ್ಯಾಂಕ್ಯೂ ಕೋಚ್" ಅಂದೆ.

ಮರುದಿವಸ ಎಲ್ಲರಿಗೂ ಸಿಕ್ಕಿತು, ನನಗಿಲ್ಲ. ಅದರ ಮರುದಿವಸವೂ ಇಲ್ಲ. ಚೆಂಡಿಗೆ ಗಾಳಿ ಹಾಕುವವನಿಗೂ ಕೊಡ್ತಾರೆ, ನನ್ನ ಎದುರಿಗೆ ಬಂದಾಗ ಬುರುಡೆ ದಾಟಿ ಹೋಗ್ತದೆ. ನನಗೆ ಮಂಡೆಬಿಸಿ. ಎಂತ ತಪ್ಪು ಮಾಡಿದೆ? ಕಾರು ಜೋರು ಓಡಿಸಿದೆನಾ? ಕೊನೆಗೆ ಒಂದು ದಿವಸ ಧೈರ್ಯ ಮಾಡಿ ಕೇಳಿಯೇಬಿಟ್ಟೆ, "ಕೋಚ್, ನನ್ನ ಮೇಲೆ ಸಿಟ್ಟಾ?"

"ಸಿಟ್ಟಾ? ಥ್ಯಾಂಕ್ಯೂ ಹೇಳಿದ್ದು ನೀನೇ ಅಲ್ವಾ?"

"ಹೌದು."

"ನಮ್ಮಲ್ಲಿ ಬುರುಡೆ ವಾಪಸ್ ಕೊಡುವಾಗ ಥ್ಯಾಂಕ್ಯೂ ಹೇಳಿದ್ರೆ 'ಸಾಕು, ಇನ್ನು ಬೇಡ' ಅಂತ. ನಿನಗೆ ಸೇರುದಿಲ್ಲ ಅಂತ ನಾನು ಬಿಟ್ಟೆ."

ಸರಿ, ಆ ದಿವಸ ನಾನು ಥ್ಯಾಂಕ್ಯೂ ಹೇಳ್ಲಿಲ್ಲ. ಹೇಳದಿದ್ದಕ್ಕೆ ಅವರು ತುಂಬಿಸಿದ್ರು. ಮತ್ತೆ ತುಂಬಿಸಿದ್ರು. ಸಾಕು ಅನ್ಬೇಕಾದ್ರೆ ಥ್ಯಾಂಕ್ಯೂ ಹೇಳ್ಬೇಕು, ಹೇಳಿದ್ರೆ ಪುನಃ ಜಾತಿಯಿಂದ ಹೊರಗೆ ಬಿದ್ದ ಹಾಗೆ ಆಗ್ತದಾ ಅಂತ ಹೆದರಿಕೆ. ಫ್ಲಾಸ್ಕ್ ಖಾಲಿ ಆಗುವವರೆಗೆ ಕುಡಿದೆ.

ಕೋಚ್ ಬಿದ್ದು ಬಿದ್ದು ನಗಾಡಿದ್ರು. ಅದೇ ವಾರ ಅಧ್ಯಕ್ಷರು ನಮ್ಮನ್ನು ಅವರ ಮಜ್ಲಿಸಿಗೆ ಕರೆದ್ರು, ಅದೇ, ಮನೆಯ ದೊಡ್ಡ ಬೈಠಕ್ ಕೋಣೆ. ಅಲ್ಲಿ ಅರಬಿ ಕಾಫಿ, ಗಹ್ವಾ. ಸಣ್ಣ ಕಪ್ಪು. ಸಾಕು ಅನ್ಬೇಕಾದ್ರೆ ಕಪ್ಪನ್ನು ಹೀಗೆ ಎಡಕ್ಕೆ ಬಲಕ್ಕೆ ಅಲ್ಲಾಡಿಸ್ಬೇಕು, ಇಲ್ಲದಿದ್ರೆ ಸುರಿಯುವವರು ಸುರಿತಾನೇ ಇರ್ತಾರೆ. ಕೋಚಿಗೆ ಗೊತ್ತಿಲ್ಲ! ಕುಡಿತಾರೆ, ಕಪ್ ಹಿಡಿತಾರೆ, ಮತ್ತೆ ತುಂಬ್ತದೆ. ಬೇಡ ಅಂದ್ರೆ ಅವಮಾನ ಅಂತ ಹೆದರಿ ಮತ್ತೆ ಕುಡಿತಾರೆ. ನಾನು ಆಚೆ ಮೂಲೆಯಲ್ಲಿ ಕೂತು ಕೈ ಅಲ್ಲಾಡಿಸಿ ತೋರಿಸಿದೆ, ಹೀಗೆ, ಹೀಗೆ ಅಂತ. ಅವರು ನೋಡಿದ್ರು. ಖುಷಿಯಿಂದ ನನಗೆ ವಾಪಸ್ ಟಾಟಾ ಮಾಡಿದ್ರು.

ಆ ಸಂಜೆ ಪ್ರಾಕ್ಟೀಸಿನಲ್ಲಿ ಕೋಚ್ ಟೀಮಿನ ಎದುರು ಎದುರೇ ಓಡ್ತಾರೆ, ನಿಲ್ಲುದೇ ಇಲ್ಲ. ಹುಡುಗರು ಏದುಸಿರು ಬಿಟ್ಟುಕೊಂಡು ಕೇಳಿದ್ರು, "ಎಂತ ಇದು, ಅರ್ಜೆಂಟೀನಾದ ಹೊಸ ಫಿಟ್ನೆಸ್ ಪ್ಲಾನಾ?"

"ಅಲ್ಲ," ಅಂದೆ, "ನಿಮ್ಮದೇ ಕಾಫಿ."

ಒಂದೇ ಗೋಲಿನ ಕಥೆ

ಕೋಚಿನ ಕಾಲು ನೋಡ್ಬೇಕು ನೀವು. ಭೂಪಟ! ಕಾರಿನಲ್ಲಿ ಪ್ಯಾಂಟ್ ಮೇಲೆ ಮಾಡಿ ಒಂದೊಂದೇ ಗಾಯ ತೋರಿಸ್ತಾರೆ. "ಇದು ಬೊಲಿವಿಯಾ. ಇದು ಗ್ರೀಸು. ಇದು ಮಲೇಷ್ಯಾ, ಮಳೆಯಲ್ಲಿ ಜಾರಿದ್ದು." ಅಷ್ಟು ವರ್ಷ ಆಡಿದ್ದಾರೆ. ನಮ್ಮ ಹುಡುಗರಿಗೆ ಒಂದೇ ಆಸೆ, ಕೋಚಿನ ಹಳೆ ಆಟ ಒಮ್ಮೆ ನೋಡ್ಬೇಕು ಅಂತ. ಅವರ ಹೆಸರು ಹಾಕಿ ಇಂಟರ್‌ನೆಟ್ ಪೂರಾ ಜಾಲಾಡಿದ್ರು. ಸಿಕ್ಕಿತು, ಒಂದೇ ಒಂದು ವಿಡಿಯೋ.

ಬಸ್ಸಿನಲ್ಲಿ ಎಲ್ಲರೂ ಒಂದು ಫೋನಿಗೆ ಮುತ್ತಿಕೊಂಡ್ರು. ದೂರದಿಂದ ಚೆಂಡು ಬರ್ತದೆ, ನಮ್ಮ ಕೋಚ್ ಗಾಳಿಯಲ್ಲಿ ಗರುಡನ ಹಾಗೆ ಹಾರ್ತಾರೆ, ತಲೆಯಿಂದ ಎಂತ ಹೊಡ್ತ ಮಾರಾಯ್ರೆ! ಚೆಂಡು ಸೀದಾ ಮೇಲಿನ ಮೂಲೆಗೆ. ಸ್ವಂತ ಟೀಮಿನ ಗೋಲಿಗೆ.

ಹಿಂದಿನ ಸೀಟಿನಿಂದ ಕೋಚ್, "ಎಂತ ನೋಡ್ತಾ ಇದ್ದೀರಿ?" ಅಂತ ಬಂದೇಬಿಟ್ರು. ಫೋನು ಅಡಗಿಸ್ಲಿಕ್ಕೆ ಜಾಗ ಇಲ್ಲ. ಅವರು ಕೈಗೆ ತಗೊಂಡು ನೋಡಿದ್ರು. ಈಗ ಸಿಟ್ಟು ಬರ್ತದೆ, ಈಗ ಬಸ್ಸಿಂದ ಇಳಿಸ್ತಾರೆ ಅಂತ ನಾವೆಲ್ಲ ಉಸಿರು ಹಿಡಿದು ಕೂತಿದ್ದೇವೆ. ಅವರು ಪುನಃ ಹಾಕಿ ನೋಡಿದ್ರು. ಮೂರನೇ ಸಲ ನಿಧಾನ ಮಾಡಿ ನೋಡಿದ್ರು. ಮತ್ತೆ ನಮ್ಮ ಸ್ಟ್ರೈಕರನ ಹೆಗಲಿಗೆ ಕೈ ಹಾಕಿದ್ರು.

"ನೋಡು, ಸರಿ ನೋಡು. ಎತ್ತರ ಕರೆಕ್ಟು. ಟೈಮಿಂಗ್ ಕರೆಕ್ಟು. ಕುತ್ತಿಗೆಯ ಫೋರ್ಸ್ ಕರೆಕ್ಟು. ನೀನು ದಿನಾ ತಪ್ಪು ಮಾಡುದು ಈ ಮೂರರಲ್ಲೇ. ದಿಕ್ಕು ಒಂದು ನಿನ್ನದು ಸರಿ ಉಂಟು."

ಕಣ್ಣೀರು ತರಿಸಿದ ಭಾಷಣ

ಕೋಚಿನ ಇಂಗ್ಲಿಷು ಶಾಂತವಾಗಿದ್ದಾಗ ಮಾತ್ರ. ಸಿಟ್ಟು ಬಂದ್ರೆ ಪೂರಾ ಸ್ಪ್ಯಾನಿಷ್. ನನಗೆ ಅದು ತಾನಾಗಿ ಬರ್ಲಿಲ್ಲ ಮಾರಾಯ್ರೆ, ಕಾದೆ, ಬರ್ಲೇ ಇಲ್ಲ. ಹಾಗಾಗಿ ನಾನು ಅವರ ಕೈ ನೋಡಿ ಅಂದಾಜಿನಲ್ಲಿ ಅರಬಿಗೆ ಹಾಕುದು. ಹೇಗೂ ನಡಿತಾ ಇತ್ತು.

ಒಂದು ಮ್ಯಾಚಿನಲ್ಲಿ ಹಾಫ್ ಟೈಮಿಗೆ ನಾವು ಎರಡು ಗೋಲು ಹಿಂದೆ. ಕೋಚ್ ಡ್ರೆಸ್ಸಿಂಗ್ ರೂಮಿಗೆ ಬಂದದ್ದೇ ಸುರು ಮಾಡಿದ್ರು. ಕೆಂಪು ಮುಖ, ಉದ್ದ ಕೂದಲು ಹಾರ್ತಾ ಉಂಟು, ಸ್ಪ್ಯಾನಿಷಿನಲ್ಲಿ ಬೊಬ್ಬೆಯೇ ಬೊಬ್ಬೆ. ಹುಡುಗರೆಲ್ಲ ನನ್ನ ಮುಖ ನೋಡ್ತಾರೆ. ಬಾಗಿಲ ಹತ್ರ ಅಧ್ಯಕ್ಷರು ಬೇರೆ ನಿಂತಿದ್ದಾರೆ. ಸುಮ್ಮನೆ ನಿಲ್ಲುದು ಹೇಗೆ?

ಕೋಚ್ ಬಾಗಿಲು ತೋರಿಸಿದ್ರು. ನಾನು, "ಈ ಬಾಗಿಲಿನ ಹೊರಗೆ ನಿಮ್ಮ ಊರಿನವರು ಕಾಯ್ತಾ ಇದ್ದಾರೆ!" ಅಂದೆ.

ಕೋಚ್ ಮುಷ್ಟಿ ಹಿಡಿದು ಹೀಗೆ ತಿರುಗಿಸಿದ್ರು. "ಈ ಮ್ಯಾಚನ್ನು ತಿರುಗಿಸ್ಲಿಕ್ಕೆ ನಿಮ್ಮಿಂದ ಆಗ್ತದೆ!"

ಬೆರಳು ಮೇಲೆ ಮಾಡಿದ್ರು. "ಮೇಲೆ ಒಬ್ಬ ನೋಡ್ತಾ ಇದ್ದಾನೆ!"

ಮತ್ತೆ ಕೈ ಜೋಡಿಸಿ, ದನಿ ಸಣ್ಣ ಮಾಡಿ, ಬೇಡಿಕೊಳ್ಳುವ ಹಾಗೆ ಏನೋ ಹೇಳಿದ್ರು. ನಾನೂ ಹಾಗೇ ಕೈ ಜೋಡಿಸಿದೆ. "ಹುಡುಗರೇ, ನೀವು ನನ್ನ ಮಕ್ಕಳು. ಸೋತ್ರೂ ಬೈಯುದಿಲ್ಲ. ಆದ್ರೆ ಒಮ್ಮೆ ಮನಸ್ಸಿಟ್ಟು ಆಡಿ."

ನಮ್ಮ ಗೋಲ್‌ಕೀಪರ್ ಉಂಟಲ್ಲಾ, ಆಳು ಕಪಾಟಿನ ಹಾಗೆ, ಅವ ಗ್ಲೌಸಿನಲ್ಲಿ ಕಣ್ಣು ಒರೆಸಿಕೊಂಡ. ಅಧ್ಯಕ್ಷರು ಮುಖ ಆಚೆ ತಿರುಗಿಸಿದ್ರು. ಸೆಕೆಂಡ್ ಹಾಫಿನಲ್ಲಿ ಹುಡುಗರು ಆಡಿದ್ರು ನೋಡಿ, ಎರಡೂ ಗೋಲು ವಾಪಸ್! ಸಮ ಸಮ! ಆ ಸೀಸನಿನ ನಮ್ಮ ಮೊದಲ ಪಾಯಿಂಟು.

ವಾಪಸ್ ಬರುವಾಗ ಕಾರಿನಲ್ಲಿ ಕೋಚ್ ಕೇಳಿದ್ರು, "ಹುಡುಗರಿಗೆ ಸೆಕೆಂಡ್ ಹಾಫಿನಲ್ಲಿ ಎಂತ ಆಯ್ತು? ಬೇರೆಯೇ ಟೀಮು!"

"ನಿಮ್ಮ ಭಾಷಣ ಕೋಚ್!"

"ಯಾವ ಭಾಷಣ? ಒಂದು ಮಾತಾಡ್ಲಿಕ್ಕೆ ನನಗೆ ಪುರುಸೊತ್ತು ಎಲ್ಲಿತ್ತು?" ಅಂತ ಕೂದಲು ಹಿಂದೆ ಮಾಡಿ ಕಿವಿಯಿಂದ ಸಣ್ಣ ಇಯರ್‌ಫೋನ್ ತೆಗೆದ್ರು. "ಹೆಂಡತಿ ಕೀ ಒಳಗೆ ಬಿಟ್ಟು ಬಾಗಿಲು ಎಳೆದುಕೊಂಡು ಹೊರಗೆ ನಿಂತಿದ್ದಳು, ಒಲೆ ಮೇಲೆ ಹಾಲು. ಇನ್ನೊಂದು ಕೀ ಮೇಲಿನ ಮಾಳಿಗೆಯವನ ಹತ್ರ ಉಂಟು, ಕೇಳು ಅಂತ ಕೈ ಮುಗಿದು ಬೇಡಿಕೊಂಡೆ, ಅವಳಿಗೆ ನಾಚಿಕೆ ಅಂತೆ!"

ಹೊಟ್ಟೆ ಕೆಟ್ಟ ದಿವಸ

ಇನ್ನು ನಿಜವಾದ ಕಥೆ ಸುರು ಆಗುದು.

ಒಂದು ಮ್ಯಾಚಿನ ಮುಂಚಿನ ದಿವಸ ನಾನು ಅರಾದ್ ಏರಿಯಾದ ನಮ್ಮ ರೂಮಿನಲ್ಲಿ ಹಳೆ ಸಿಗಡಿ ಸುಕ್ಕ ಬಿಸಿ ಮಾಡಿ ತಿಂದೆ. ತಿನ್ಬಾರ್ದಿತ್ತು. ಮ್ಯಾಚ್ ಸುರು ಆದದ್ದೇ ಹೊಟ್ಟೆಯಲ್ಲಿ ಚೆಂಡೆ. ಓಡಿದೆ ಟಾಯ್ಲೆಟ್ಟಿಗೆ. ಒಳಗೆ ಕೂತಿದ್ದೇನೆ, ಹೊರಗೆ ಬೊಬ್ಬೆ, ನಮ್ಮದು ಗೋಲು! ಅಯ್ಯೋ ನೋಡ್ಲಿಕ್ಕೆ ಸಿಗ್ಲಿಲ್ಲ ಅಂತ ಓಡಿ ಬಂದು ಬೆಂಚಿನಲ್ಲಿ ಕೂತೆ. ಕೂತದ್ದೇ ಅವರದ್ದು ಗೋಲು. ಪುನಃ ಹೊಟ್ಟೆ, ಪುನಃ ಓಟ, ಪುನಃ ನಮ್ಮದು ಗೋಲು. ವಾಪಸ್ ಬರುವಾಗ ಕೋಚ್ ಆಟ ನೋಡ್ತಾ ಇಲ್ಲ, ನನ್ನನ್ನೇ ನೋಡ್ತಾ ಇದ್ದಾರೆ. ಕೂರ್ಲಿಕ್ಕೆ ಬಿಡ್ಲಿಲ್ಲ.

"ಹೋಗು. ಒಳಗೆ ಹೋಗು."

"ಹೊಟ್ಟೆ ಈಗ ಸರಿ ಉಂಟು ಕೋಚ್."

"ನಿನ್ನ ಹೊಟ್ಟೆ ಯಾರಿಗೆ ಬೇಕು? ಟೀಮಿಗೋಸ್ಕರ ಹೋಗು!"

ಗೆದ್ದೆವು. ಅಲ್ಲಿಂದ ಮತ್ತೆ ಪ್ರತಿ ಮ್ಯಾಚಿಗೂ ಅದೇ ಡ್ಯೂಟಿ. ಸೀಟಿ ಊದಿದ ಕೂಡ್ಲೆ ನಾನು ಒಳಗೆ. ನಾನು ಜಗಳ ಮಾಡಿದೆ, "ಕೋಚ್, ಆಟ ನೋಡ್ಲಿಕ್ಕೆ ಅಂತಲೇ ಮಾಮನ ಅಂಗಡಿ ಬಿಟ್ಟು ಬಂದವ ನಾನು!" ಅವರು ಹೇಳಿದ್ರು, ಅವರ ಒಬ್ಬ ಅತ್ತೆ ಒಮ್ಮೆ ಬಿದ್ದ ಚಮಚ ತೆಗಿಲಿಕ್ಕೆ ಫ್ರಿಜ್ಜಿನ ಹಿಂದೆ ಹೋಗಿದ್ದಾಗ ದೇಶ ಗೆದ್ದಿತಂತೆ. ಆವತ್ತಿನಿಂದ ದೇಶದ ಮ್ಯಾಚ್ ಇದ್ದಾಗಲೆಲ್ಲ ಮನೆಯವರು ಅವರನ್ನು ಫ್ರಿಜ್ಜಿನ ಹಿಂದೆ ನಿಲ್ಲಿಸುದು. ಬೀದಿಯವರು ಬಂದು ಕೇಳಿ ಹೋಗುದು, "ಅತ್ತೆ ಜಾಗದಲ್ಲಿ ಇದ್ದಾರಲ್ಲಾ?" ಅಂತ.

ನಾನು ನಗಾಡ್ಲಿಕ್ಕೆ ಹೊರಟೆ. ಆದ್ರೆ ದೃಷ್ಟಿ ಆಗ್ಬಾರ್ದಂತ ಹೊಸ ರಿಕ್ಷಾಕ್ಕೆ ಹಳೆ ಚಪ್ಪಲಿ ಕಟ್ಟುವ ಊರಿನವರು ನಾವು. ನನಗೆಂತ ಬಾಯಿ ಉಂಟು?

ಟೀಮು ಮೇಲೆ ಬರ್ಲಿಕ್ಕೆ ಸುರು ಆಯ್ತು. ಉಳ್ಳಾಲದಲ್ಲಿ ನಮ್ಮ ಉಮ್ಮನಿಗೆ, ಅಂದ್ರೆ ಅಮ್ಮನಿಗೆ, ಭಾರಿ ಖುಷಿ. ಒಂದು ದಿವಸ ಫೋನಿನಲ್ಲಿ ಮ್ಯಾಚ್ ಹಾಕಿ, ನೆರೆಕರೆಯವರನ್ನೆಲ್ಲ ಕರೆದು ಕೂರಿಸಿದ್ದಾರೆ, ನನ್ನನ್ನು ತೋರಿಸ್ಲಿಕ್ಕೆ! ಮ್ಯಾಚಿನ ನಡುವಿನಲ್ಲಿ ನನಗೆ ಫೋನು, "ಮೋನೇ, ಬೆಂಚಿನಲ್ಲಿ ಎಲ್ಲ ಇದ್ದಾರೆ, ನೀನು ಕಾಣುದಿಲ್ಲ. ಎಲ್ಲಿದ್ದಿ?"

"ಒಳಗೆ ಇದ್ದೇನೆ ಉಮ್ಮ."

"ಒಳಗೆ ಎಂತ ಕೆಲಸ?"

"ಅದು... ತುಂಬಾ ಮುಖ್ಯದ ಕೆಲಸ. ಕೋಚ್ ನನಗೆ ಮಾತ್ರ ಕೊಟ್ಟದ್ದು."

ಉಮ್ಮ ಫೋನ್ ಇಡ್ಲಿಕ್ಕೆ ಮರೆತು ಆಚೆಯವರಿಗೆ ಹೇಳುದು ಕೇಳಿಸ್ತು, "ಅವನದ್ದು ಒಳಗಿನ ಕೆಲಸ ಅಂತೆ. ದೊಡ್ಡ ಪೋಸ್ಟಿನವರನ್ನು ಬಿಸಿಲಿಗೆ ಕೂರಿಸುದಿಲ್ಲ."

ನಿನ್ನೆ ಸಂಜೆ

ನಿನ್ನೆ ಸೀಸನಿನ ಕೊನೆಯ ಮ್ಯಾಚು. ಗೆದ್ರೆ ಉಳಿತೇವೆ, ಇಲ್ಲದಿದ್ರೆ ಕೆಳಗೆ. ಬೆಳಿಗ್ಗೆ ಕೋಚನ್ನು ಕರ್ಕೊಂಡು ಬರ್ಲಿಕ್ಕೆ ಜುಫೈರಿಗೆ ಹೋದ್ರೆ ಆ ಸಣ್ಣ ಮಗಳು ಲಿಫ್ಟಿನ ಹತ್ರ ನಿಂತಿದೆ. ನನ್ನ ಹತ್ರ, "ಅಂಕಲ್, ನೀವು ಇವತ್ತು ಹೊರಗೆ ಬರುದಿಲ್ಲ ಅಲ್ವಾ?" ಅಂತ ಕೇಳ್ತು. ಅದಕ್ಕೂ ಗೊತ್ತುಂಟು! "ಸತ್ರೂ ಬರುದಿಲ್ಲ ಮಗಾ" ಅಂದೆ.

ಗ್ರೌಂಡು ಸಣ್ಣದು. ಎರಡು ಟೀಮಿಗೂ, ರೆಫ್ರಿಗೂ ಒಂದೇ ಸಾಲಿನ ಟಾಯ್ಲೆಟ್ಟು, ಅದಕ್ಕೆ ಹೊರಗಿನಿಂದ ಒಂದು ದೊಡ್ಡ ಬಾಗಿಲು. ಸೀಟಿ ಊದಿದ್ರು, ನಾನು ನನ್ನ ಜಾಗದಲ್ಲಿ. ಫಸ್ಟ್ ಹಾಫ್ ಮುಗಿದಾಗ ಸೊನ್ನೆ ಸೊನ್ನೆ. ಸೆಕೆಂಡ್ ಹಾಫಿನ ಕೊನೆ ಕೊನೆಗೆ ಹೊರಗೆ ಭೂಮಿ ನಡುಗಿತು. ನಮ್ಮ ಡೋಲು, ನಮ್ಮ ಹಾಡು. ಗೋಲು! ನಾನು ಒಳಗೇ ಕುಣಿದೆ. ಅಷ್ಟರಲ್ಲಿ ಪಕ್ಕದ ಟಾಯ್ಲೆಟ್ಟಿನಿಂದಲೂ ಯಾರೋ ಕುಣಿಯುವ ಶಬ್ದ.

"ಯಾರದು?" ಅಂದೆ.

ಕುಣಿತ ನಿಂತಿತು. ಮತ್ತೆ ಮೆಲ್ಲ, "ನಾನು." ಅಧ್ಯಕ್ಷರು! "ನನಗೆ ನೋಡ್ಲಿಕ್ಕೆ ಆಗುದಿಲ್ಲ, ಎದೆ ಹೊಡ್ಕೊಳ್ತದೆ. ಯಾರಿಗೂ ಹೇಳ್ಬೇಡ. ನೀನೆಂತ ಮಾಡ್ತಿದ್ದಿ ಇಲ್ಲಿ?"

"ಡ್ಯೂಟಿ" ಅಂದೆ. ಕಥೆ ಪೂರಾ ಹೇಳಿದೆ. ನಗಾಡ್ತಾರೆ ಅಂತ ಎಣಿಸಿದೆ. ಅವರು ಗಂಭೀರವಾಗಿ, "ಹಾಗಾದ್ರೆ ಅಲ್ಲಾಡ್ಬೇಡ" ಅಂದ್ರು.

ಕೂತೆವು, ನಡುವೆ ಒಂದು ಗೋಡೆ. ಎಷ್ಟು ಟೆನ್ಷನ್ ಅಂದ್ರೆ ದುಆ ಮಾಡ್ಬೇಕು ಅಂತ ನಾಲಗೆ ತುದಿಗೆ ಬರ್ತದೆ. ಆದ್ರೆ ಟಾಯ್ಲೆಟ್ಟಿನಲ್ಲಿ ದೇವರ ಹೆಸರು ಹೇಳುವ ಹಾಗೆ ಇಲ್ಲ! ಇಬ್ಬರೂ ಬಾಯಿ ಮುಚ್ಚಿ ಹ್ಮ್, ಹ್ಮ್ ಅಂತ ಮೂಗಿನಲ್ಲೇ ನರಳ್ತಾ ಇದ್ದೇವೆ.

ಅಷ್ಟರಲ್ಲಿ ರೆಫ್ರಿಯ ಸೀಟಿ. ಗಲಾಟೆ. ಹೊರಗಿನ ದೊಡ್ಡ ಬಾಗಿಲು ದಡಾರ್ ಅಂತ ತೆರೆದು ಯಾರೋ ಒಳಗೆ ಓಡಿ ಬಂದು ಚಿಲಕ ಹಾಕಿದ್ರು. ಇಣುಕಿ ನೋಡಿದ್ರೆ ಕೋಚ್!

"ಕೋಚ್! ನೀವ್ಯಾಕೆ ಇಲ್ಲಿ?"

"ಪೆನಾಲ್ಟಿ! ಅವರಿಗೆ ಪೆನಾಲ್ಟಿ! ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ. ನೀನು ಬಾಗಿಲು ಹಾಕಿಕೋ!"

ಅವರು ಸಿಂಕಿನ ಎದುರು ನಿಂತು ಶಿಲುಬೆ ಗುರುತು ಮಾಡಿದ್ದೇ ಮಾಡಿದ್ದು. ಅವರಿಗೆ ನಮ್ಮ ತೊಂದರೆ ಇಲ್ಲ, ಎಲ್ಲಿ ಬೇಕಾದ್ರೂ ಆಗ್ತದೆ. ಪಕ್ಕದ ಗೋಡೆಯಿಂದ ಅಧ್ಯಕ್ಷರು, "ಅವರಿಗೆ ಹೇಳು, ನನ್ನ ಪಾಲಿನದ್ದೂ ಮಾಡ್ಲಿ ಅಂತ!"

ಹೊರಗೆ ಪೂರಾ ನಿಶ್ಶಬ್ದ. ಮತ್ತೆ ಒಂದು ಗದ್ದಲ ನೋಡಿ, ಆಕಾಶ ಬಿದ್ದ ಹಾಗೆ! ಆದ್ರೆ ಯಾರದ್ದು? ಎರಡೂ ಕಡೆ ಡೋಲು ಉಂಟು. ನಮ್ಮವರು ಕೂಗುದಾ, ಅವರದ್ದಾ? ಗೊತ್ತಾಗುದಿಲ್ಲ!

ಅಧ್ಯಕ್ಷರು, "ಹೋಗಿ ನೋಡು!" ಅಂತ ಅರಬಿಯಲ್ಲಿ. ಕೋಚ್, "ಅಲ್ಲಾಡಿದ್ರೆ ಕೊಲ್ತೇನೆ!" ಅಂತ ಇಂಗ್ಲಿಷಿನಲ್ಲಿ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಸ್ಬೇಕಾದವನೂ ನಾನೇ!

ಅಷ್ಟರಲ್ಲಿ ಹೊರಬಾಗಿಲು ಯಾರೋ ಬಡಿಲಿಕ್ಕೆ ಸುರು ಮಾಡಿದ್ರು. ಧಡ್ ಧಡ್ ಧಡ್.

"ಯಾರು?" ಅಂತ ಕೋಚ್ ಕಿರಿಚಿದ್ರು.

"ರೆಫ್ರಿ! ಬಾಗಿಲು ತೆಗೀರಿ, ಅರ್ಜೆಂಟು!"

"ಮ್ಯಾಚ್ ಮುಗಿಯಿತಾ?"

"ಮುಗಿಯದೆ ನಾನು ಇಲ್ಲಿಗೆ ಬರ್ತೇನಾ?"

"ಪೆನಾಲ್ಟಿ ಎಂತ ಆಯ್ತು? ಮೊದಲು ಅದು ಹೇಳಿ!"

"ಮೊದಲು ಬಾಗಿಲು, ಮತ್ತೆ ರಿಸಲ್ಟು!"

ಚಿಲಕ ತೆಗೆದ್ರು. ರೆಫ್ರಿ ಬಾಣದ ಹಾಗೆ ನಮ್ಮನ್ನು ದಾಟಿ ಓಡಿದ, ಕೊನೆಯ ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡ. ಒಂದು ದೊಡ್ಡ ನಿಟ್ಟುಸಿರು. ಮತ್ತೆ ಒಳಗಿನಿಂದ, "ನಿಮ್ಮ ಕೀಪರ್ ಹಿಡಿದ. ಉಳಿದ್ರಿ ನೀವು."

ಮಾರಾಯ್ರೆ! ಅಧ್ಯಕ್ಷರು ಹೊರಗೆ ಬಂದ್ರು, ಕೋಚನ್ನು ಅಪ್ಪಿಕೊಂಡ್ರು, ಇಬ್ಬರೂ ನನ್ನನ್ನು ಅಪ್ಪಿಕೊಂಡ್ರು, ಮೂವರೂ ಸಿಂಕಿನ ಹತ್ರ ಅಳ್ತಾ ಇದ್ದೇವೆ. ಕೋಚ್ ಮಗಳಿಗೆ ಫೋನ್ ಮಾಡಿದ್ರು. ಆಚೆಯಿಂದ ಎರಡು ಮಕ್ಕಳು ಕಿರಿಚಿದ ಶಬ್ದ ಇಲ್ಲಿಗೆ ಕೇಳಿಸ್ತು.

ಅಧ್ಯಕ್ಷರು ಕಣ್ಣು ಒರೆಸಿಕೊಂಡು ಅಲ್ಲೇ ಹೇಳಿಬಿಟ್ರು, "ಕೋಚ್ ಇನ್ನೂ ಎರಡು ವರ್ಷ ಇರ್ಲಿ. ಆದ್ರೆ ಒಂದು ಕಂಡೀಷನ್." ಮತ್ತೆ ನನ್ನ ಕಡೆ ಬೆರಳು. "ಇವನು ಎಲ್ಲ ಮ್ಯಾಚಿಗೂ ಒಳಗೇ ಇರ್ಬೇಕು. ಸಂಬಳ ಜಾಸ್ತಿ ಮಾಡುವ. ಎಸಿ ಹಾಕಿಸ್ತೇನೆ. ಮೆತ್ತೆ ಉಂಟಲ್ಲ, ಮೆತ್ತೆಯ ಕುರ್ಚಿ. ಇವನು ಒಪ್ಪಿದ್ರೆ ಕೋಚ್ ಇರ್ತಾರೆ, ಇಲ್ಲದಿದ್ರೆ ನನಗೆ ಧೈರ್ಯ ಇಲ್ಲ."

ಕೋಚ್ ನನ್ನನ್ನು ನೋಡ್ತಾರೆ. ಫೋನು ಇನ್ನೂ ಕೈಯಲ್ಲೇ ಉಂಟು, ಒಳಗಿಂದ ಆ ಮಗು "ಪಪ್ಪಾ? ಪಪ್ಪಾ?" ಅಂತ ಕೂಗ್ತಾ ಉಂಟು. ಫುಟ್‌ಬಾಲಿಗೋಸ್ಕರ ಪ್ರಾಣ ಬಿಡುವವ ನಾನು. ಇನ್ನು ಎರಡು ವರ್ಷ ನಮ್ಮ ಟೀಮಿನ ಒಂದು ಗೋಲು ನೋಡ್ಲಿಕ್ಕೆ ಇಲ್ಲ, ಬೊಬ್ಬೆ ಮಾತ್ರ ಕೇಳುದು! ನಾನು ತುಂಬಾ ಯೋಚನೆ ಮಾಡಿ, ಮೆಲ್ಲ ಅಂದೆ, "ಆಯ್ತು. ಆದ್ರೆ ಒಳಗೆ ಒಂದು ಸಣ್ಣ ಟಿವಿಯಾದ್ರೂ ಇಡಿ."

ಕೋಚ್, ಅಧ್ಯಕ್ಷರು, ಕೊನೆಯ ಟಾಯ್ಲೆಟ್ಟಿನಲ್ಲಿದ್ದ ರೆಫ್ರಿ, ಮೂವರೂ ಒಟ್ಟಿಗೆ ಬೊಬ್ಬೆ ಹಾಕಿದ್ರು, "ಟಿವಿಯಾ? ನೋಡಿದ್ರೆ ಅದು ಕೆಲಸ ಮಾಡುದಿಲ್ಲ!"

ಈಗ ನೀವೇ ಹೇಳಿ ಮಾರಾಯ್ರೆ, ಆ ಜಾಗದಲ್ಲಿ ನೀವಾಗಿದ್ರೆ ಎಂತ ಮಾಡ್ತಿದ್ರಿ?